ಎರಡು ಡಿಗ್ರಿಯ ಆಸೆ

ಮೈಸೂರಿನ ಹೆಬ್ಬಾಳ ಎಂದೊಡನೆ ಈಗಿನವರಿಗೆ ನೆನಪಾಗುವುದು ಇನ್ಫೋಸಿಸ್ ಕ್ಯಾಂಪಸ್ಸು, ಹೊರವರ್ತುಲ ರಸ್ತೆ, ಸರಿಪಡಿಸಿದ ಕೆರೆ. ಆದರೆ ಹೆಬ್ಬಾಳ ಕೈಗಾರಿಕಾ ಪ್ರದೇಶ ಎಂಬ ಹೆಸರು ಸುಮ್ಮನೆ ಬಂದಿದ್ದಲ್ಲ, ಮೈಸೂರಿನ ಈ ದಿಕ್ಕಿಗೆ ಲಾರಿಯ ನಂಟು ಹಳೆಯದು. ಪಕ್ಕದ ಹೂಟಗಳ್ಳಿಯಲ್ಲಿ ಲಾರಿಗಳ ಆಕ್ಸಲ್ ತಯಾರಾಗುತ್ತದೆ. ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ ಟೈರು, ಕಂಪನಿ ಜೆ.ಕೆ.ಯವರ ಕೈಗೆ ಹೋಗಿ ಕಾಲು ಶತಮಾನ ಕಳೆದರೂ ಹಳಬರ ಬಾಯಲ್ಲಿ ಅದು ಇವತ್ತಿಗೂ ವಿಕ್ರಾಂತ್. ಇನ್ನೊಂದಿಷ್ಟು ಆಚೆಗೆ ಬೆಮೆಲ್, ಅಲ್ಲಿ ಗಣಿಯ ಡಂಪರ್‌ಗಳೂ ಅವುಗಳ ಡೀಸೆಲ್ ಎಂಜಿನ್ನುಗಳೂ. ಈ ಕಾರ್ಖಾನೆಗಳಿಗೆ ಸರಕು ತಂದು ಒಯ್ಯುವ ಸಾಲಿನಲ್ಲಿ ಈಗ ಕಂಪ್ಯೂಟರು ನಡೆಸುವ ಬಿಎಸ್ 6 ಗಾಡಿಗಳೇ ಹೆಚ್ಚು. ಅವುಗಳ ನಡುವೆ ಹಳೆಯ ಆರು ಸಿಲಿಂಡರಿನ ಟಾಟಾ ಅಥವಾ ಲೇಲ್ಯಾಂಡ್ ಒಂದು ಸ್ಟಾರ್ಟ್ ಆದರೆ ತಲೆಯೆತ್ತಿ ನೋಡಬೇಕಾಗಿಲ್ಲ, ಶಬ್ದವೇ ಹೇಳುತ್ತದೆ. ಕಟಕಟ ಎನ್ನುವ ಆ ಶಬ್ದ ಚುರುಕಾಗಿದ್ದರೆ ಡ್ರೈವರಿಗೆ ಖುಷಿ, ಎಂಜಿನ್ ಗಟ್ಟಿಯಾಗಿದೆ ಅನ್ನುತ್ತಾನೆ. ಮೆತ್ತಗಿದ್ದರೆ ಪಂಪಿನ ಟೈಮಿಂಗ್ ಹಿಂದೆ ಬಿದ್ದಿದೆ ಅನ್ನುತ್ತಾನೆ, ಮೇಸ್ತ್ರಿಯ ಕೈಗೆ ಸ್ಪ್ಯಾನರ್ ಬರುತ್ತದೆ. ಹಳೆಯ ಲಾರಿಯ ಇಂಜೆಕ್ಷನ್ ಟೈಮಿಂಗನ್ನು ಕಂಪನಿ ಹಾಕಿದ ಗುರುತಿಗೆ ಮರಳಿ ತರಬೇಕು, ಅದನ್ನು ದಾಟಿ ಮುಂದೆ ಹೋಗಬಾರದು ಎಂಬುದು ನನ್ನ ವಾದ. ಕೇಳಲು ಸಪ್ಪೆ ಮಾತು, ಯಾರೂ ಇಲ್ಲ ಅನ್ನಲಾರರು. ಹಾಗೆ ಒಪ್ಪಿದವರೇ ಗ್ಯಾರೇಜಿನಲ್ಲಿ ನಿಂತು, ‘ಹೇಗೂ ಬಿಚ್ಚಿದ್ದೀರಲ್ಲ, ಇನ್ನೊಂದು ಚೂರು ಮುಂದೆ ಇಟ್ಟುಬಿಡಿ ಮೇಸ್ತ್ರಿ’ ಎನ್ನುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಾದಿಸಬೇಕಾಗಿದೆ.

ಮೊದಲಿಗೆ ಈ ‘ಚೂರು’ ಎಂದರೆ ಎಷ್ಟು ಎಂಬುದು ತಿಳಿಯಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಐದಾರು ನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಬಿಸಿ ಮಾಡುತ್ತದೆ, ಆ ಗಾಳಿಗೆ ನಾಜಲ್ ಡೀಸೆಲ್ಲನ್ನು ಮಂಜಿನಂತೆ ಚಿಮ್ಮುತ್ತದೆ, ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಚಿಮ್ಮಿದ ಕ್ಷಣವೇ ಹೊತ್ತಿಕೊಳ್ಳುವುದಿಲ್ಲ. ಒಗ್ಗರಣೆಯ ಸಾಸಿವೆಯೂ ಕಾದ ಎಣ್ಣೆಗೆ ಬಿದ್ದೊಡನೆ ಸಿಡಿಯುವುದಿಲ್ಲ. ಎಣ್ಣೆ ಸಾಕಷ್ಟು ಕಾದಿಲ್ಲದಿದ್ದರೆ ಸುಮ್ಮನೆ ಕೂತಿದ್ದು, ಆಮೇಲೆ ಹಾಕಿದ್ದಷ್ಟೂ ಒಟ್ಟಿಗೆ ಸಿಡಿದು ಮುಖಕ್ಕೆ ಹಾರುತ್ತದೆ. ಡೀಸೆಲ್ ಹೀಗೆ ಕಾಯುವ ಹೊತ್ತು ಸುಮಾರು ಒಂದು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕು 12 ಡಿಗ್ರಿ ತಿರುಗಿರುತ್ತದೆ. ಸಿಲಿಂಡರಿನ ಒತ್ತಡ ಶಿಖರ ಮುಟ್ಟಬೇಕಾದದ್ದು ಪಿಸ್ಟನ್ ಪೂರ್ತಿ ಮೇಲೆ ಬಂದು, ಗ್ಯಾರೇಜಿನ ಮಾತಿನಲ್ಲಿ ‘ಟಾಪ್’ ದಾಟಿ, ಕೆಳಗಿಳಿಯಲು ಶುರುಮಾಡಿದ ಮೇಲೆ. ಅದಕ್ಕಾಗಿ ಪಂಪು ಟಾಪ್‌ಗಿಂತ ಸಾಕಷ್ಟು ಮೊದಲೇ ಕೆಲಸ ಶುರುಮಾಡಬೇಕು. ಹಳೆಯ ಲಾರಿ ಎಂಜಿನ್ನುಗಳಲ್ಲಿ ಇದು ಟಾಪ್‌ಗೆ ಸುಮಾರು 20 ಡಿಗ್ರಿ ಮೊದಲು ಇರುವುದು ಸಾಮಾನ್ಯ. ಯಾವ ಎಂಜಿನ್ನಿಗೆ ಎಷ್ಟು ಎಂಬುದು ಅದರ ಮ್ಯಾನುಯಲ್ಲಿನಲ್ಲಿರುತ್ತದೆ. ಪಂಪಿನ ಷಾಫ್ಟು ತಿರುಗುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ಹಾಗಾಗಿ ಪಂಪನ್ನು ಒಂದು ಡಿಗ್ರಿ ತಿರುಗಿಸಿದರೆ ಎಂಜಿನ್ನಿನ ಲೆಕ್ಕದಲ್ಲಿ ಎರಡು ಡಿಗ್ರಿ. ಪಂಪಿನ ಬೋಲ್ಟು ನಡುವಿನಿಂದ ಐದು ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ ಆ ಎರಡು ಡಿಗ್ರಿ ಅಲ್ಲಿ ಕಾಣುವುದು ಒಂದು ಮಿಲಿಮೀಟರಿಗೂ ಕಡಿಮೆ ಅಂತರವಾಗಿ. ಬರಿಗೈಯಲ್ಲಿ ಪಂಪನ್ನು ನೂಕಿ ‘ಚೂರು ಮುಂದೆ ಇಟ್ಟೆ’ ಎನ್ನುವವರು ಎರಡು ಡಿಗ್ರಿ ಇಟ್ಟರೋ ಐದು ಇಟ್ಟರೋ ಅವರಿಗೇ ಗೊತ್ತಿರುವುದಿಲ್ಲ.

ಪಂಪಿನ ವಿಷಯದಲ್ಲಿ ಕನ್ನಡನಾಡಿಗೆ ಒಂದು ಹಕ್ಕಿದೆ. ಸ್ಟುಟ್‌ಗಾರ್ಟಿನ ಬಾಷ್ ಕಂಪನಿ 1927ರಲ್ಲಿ ಲಾರಿಗಳಿಗೆಂದು ಸಾಲುಪಂಪಿನ ಉತ್ಪಾದನೆ ಶುರುಮಾಡಿತು. ಅದೇ ವಂಶದ ಪಂಪುಗಳನ್ನು ಭಾರತದ ಲಾರಿಗಳಿಗೆ ದಶಕಗಟ್ಟಲೆ ಮಾಡಿಕೊಟ್ಟದ್ದು ಬೆಂಗಳೂರಿನ ಆಡುಗೋಡಿಯ ಮೈಕೋ. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು, ಗ್ಯಾರೇಜುಗಳಲ್ಲಿ ಅದಿನ್ನೂ ಮೈಕೋ ಪಂಪೇ. ಒಂದು ಸಿಲಿಂಡರಿಗೆ ಒಂದು ಎಲಿಮೆಂಟಿನಂತೆ ಆರು ಎಲಿಮೆಂಟು ಸಾಲಾಗಿ ನಿಂತಿರುತ್ತವೆ. ಕೆಳಗಿನ ಕ್ಯಾಮು ಪ್ಲಂಜರನ್ನು ಮೇಲೆ ದೂಡುತ್ತದೆ, ಪ್ಲಂಜರಿನ ತಲೆ ಬ್ಯಾರಲ್ಲಿನ ರಂಧ್ರವನ್ನು ಮುಚ್ಚಿದ ಕ್ಷಣದಿಂದ ಡೀಸೆಲ್ ಒತ್ತಡಕ್ಕೆ ಸಿಗುತ್ತದೆ. ಆಕ್ಸಿಲರೇಟರ್ ತುಳಿದಾಗ ರ್‍ಯಾಕು ಸರಿದು ಪ್ಲಂಜರನ್ನು ತಿರುಗಿಸುತ್ತದೆ. ಅದರ ಮೈಯ ಓರೆಗೀರಿನಿಂದಾಗಿ ಡೀಸೆಲ್ ಯಾವಾಗ ನಿಲ್ಲಬೇಕು ಎಂಬುದು ಬದಲಾಗುತ್ತದೆ. ಸಾಮಾನ್ಯ ಲಾರಿ ಪಂಪುಗಳಲ್ಲಿ ಯಾವಾಗ ಶುರುವಾಗಬೇಕು ಎಂಬುದು ಬದಲಾಗುವುದಿಲ್ಲ. ಶುರು ಸ್ಥಿರ, ಕೊನೆ ಅಸ್ಥಿರ. ಹಾಗಾಗಿಯೇ ಎಂಜಿನ್ ನಿಂತಿರುವಾಗ ಒಂದು ಗುರುತು ನೋಡಿ ಟೈಮಿಂಗ್ ಕೂರಿಸಲು ಸಾಧ್ಯ. ಈಗ ಸವಕಳಿಯನ್ನು ನೋಡೋಣ. ಕ್ಯಾಮು ಸವೆದರೆ, ಅದರ ಮೇಲಿನ ಟ್ಯಾಪೆಟ್ ರೋಲರ್ ಸವೆದರೆ ಪ್ಲಂಜರ್ ಏಳುವುದು ತಡ. ಟೈಮಿಂಗ್ ಗೇರಿನ ಹಲ್ಲು ತೆಳುವಾದರೆ, ಕಪ್ಲಿಂಗ್ ಲೂಸಾದರೆ ಪಂಪು ತಿರುಗುವುದೇ ತಡ. ಪ್ಲಂಜರಿನ ಪಕ್ಕದಿಂದ ಡೀಸೆಲ್ ಸೋರತೊಡಗಿದರೆ ಒತ್ತಡ ಏರುವುದು ತಡ. ಎಲ್ಲವೂ ಒಂದೇ ದಿಕ್ಕಿಗೆ ಎಳೆಯುತ್ತವೆ: ಲಾರಿಗೆ ವಯಸ್ಸಾದಂತೆ ಟೈಮಿಂಗ್ ಹಿಂದೆ ಬೀಳುತ್ತದೆ. ಇದಕ್ಕೊಂದು ಅಪವಾದ ನಾಜಲ್. ಅದರ ಸ್ಪ್ರಿಂಗು ಸೋತರೆ ಕಡಿಮೆ ಒತ್ತಡಕ್ಕೇ ಬಾಯಿ ತೆರೆದು, ಡೀಸೆಲ್ ತುಸು ಬೇಗ ಮತ್ತು ದಪ್ಪ ಹನಿಯಾಗಿ ಬೀಳುತ್ತದೆ. ಈ ಅಪವಾದ ಮುಂದೆ ಬೇಕಾಗುತ್ತದೆ. ಸದ್ಯಕ್ಕೆ, ಹಿಂದೆ ಬಿದ್ದ ಟೈಮಿಂಗನ್ನು ಮುಂದೆ ತರುವುದು ನ್ಯಾಯ ಎಂಬಲ್ಲಿಗೆ ಮಾಲೀಕನೂ ನಾನೂ ಒಂದೇ ಪಕ್ಷ. ತಡವಾಗಿ ಉರಿದ ಡೀಸೆಲ್ ಪಿಸ್ಟನ್ನನ್ನು ದೂಡುವ ಬದಲು ಸೈಲೆನ್ಸರನ್ನು ಕಾಯಿಸುತ್ತದೆ, ಹೊಗೆಯಾಗುತ್ತದೆ, ಎಳೆತ ಕಳೆಯುತ್ತದೆ.

ಮರಳಿ ತರುವ ವಿಧಾನ ಹಳೆಯದು, ಅಗ್ಗದ್ದು, ನೋಡಲು ಚೆಂದದ್ದು. ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿಗೆ ತರಬೇಕು. ಆಗ ಆರನೇ ಸಿಲಿಂಡರಿನ ಎರಡು ವಾಲ್ವುಗಳಲ್ಲಿ ಒಂದು ಮುಚ್ಚುತ್ತ, ಇನ್ನೊಂದು ತೆರೆಯುತ್ತ ತೂಗುತ್ತಿರುತ್ತವೆ; ಇದನ್ನು ನೋಡದೆ ಬರೀ ಗುರುತು ನಂಬಿದರೆ ಪೂರ್ತಿ ಒಂದು ಸುತ್ತು ತಪ್ಪಿ ಕೂರಿಸುವ ಅಪಾಯವಿದೆ. ಪಂಪಿನ ಒಂದನೇ ಎಲಿಮೆಂಟಿನ ಮೇಲಿನ ಪೈಪು ಬಿಚ್ಚಿ, ಹೋಲ್ಡರ್ ತೆಗೆದು, ಒಳಗಿನ ಡೆಲಿವರಿ ವಾಲ್ವನ್ನೂ ಅದರ ಸ್ಪ್ರಿಂಗನ್ನೂ ಈಚೆ ಇಟ್ಟು, ಹೋಲ್ಡರನ್ನು ಮತ್ತೆ ಬಿಗಿದು ಬಾಗಿದ ಕತ್ತಿನ ಸಣ್ಣ ಪೈಪೊಂದನ್ನು ಸಿಕ್ಕಿಸುತ್ತಾರೆ. ರ್‍ಯಾಕನ್ನು ಡೀಸೆಲ್ ಕೊಡುವ ಕಡೆ ಹಿಡಿದು ಹ್ಯಾಂಡ್ ಪಂಪು ಒತ್ತಿದರೆ ಆ ಕತ್ತಿನಿಂದ ಡೀಸೆಲ್ ಧಾರೆಯಾಗಿ ಸುರಿಯುತ್ತದೆ. ಈಗ ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ನಿಧಾನ ತಿರುಗಿಸಬೇಕು. ಧಾರೆ ದಾರವಾಗುತ್ತದೆ, ದಾರ ಹನಿಯಾಗುತ್ತದೆ, ಹನಿಗಳ ನಡುವಿನ ಬಿಡುವು ಉದ್ದವಾಗುತ್ತ ಹೋಗುತ್ತದೆ. ಒಂದು ಹನಿ ಕತ್ತಿನ ತುದಿಯಲ್ಲಿ ದಪ್ಪವಾಗಿ, ಬೀಳಲೋ ಬೇಡವೋ ಎಂದು ಹತ್ತು ಹದಿನೈದು ಸೆಕೆಂಡು ತೂಗಾಡಿ ಬಿದ್ದರೆ, ಪ್ಲಂಜರು ರಂಧ್ರ ಮುಚ್ಚಿತು ಎಂದರ್ಥ. ಕೈ ನಿಲ್ಲಬೇಕಾದದ್ದು ಅಲ್ಲಿ. ಫ್ಲೈವೀಲಿನ ಅಥವಾ ಪುಲ್ಲಿಯ ಮೇಲಿನ ಗುರುತು ಮುಳ್ಳಿಗೆ ಸರಿಯಾಗಿ ಬಂದಿದ್ದರೆ ಟೈಮಿಂಗ್ ಇದ್ದಲ್ಲೇ ಇದೆ. ಟಾಪ್‌ಗೆ ಇನ್ನೂ ಹತ್ತಿರ ಹೋದ ಮೇಲೆ ಹನಿ ನಿಂತಿದ್ದರೆ ಹಿಂದೆ ಬಿದ್ದಿದೆ. ಆಗ ಗುರುತನ್ನು ಮುಳ್ಳಿಗೆ ತಂದು ನಿಲ್ಲಿಸಿ, ಬೋಲ್ಟು ಸಡಿಲಿಸಿ, ಉದ್ದನೆಯ ತೂತಿನಲ್ಲಿ ಪಂಪನ್ನೋ ಕಪ್ಲಿಂಗನ್ನೋ ಹನಿ ನಿಲ್ಲುವವರೆಗೆ ಸರಿಸಿ ಬಿಗಿಯಬೇಕು. ಗುರುತು ದಾಟಿತೆಂದು ಎಂಜಿನ್ನನ್ನು ಅಷ್ಟೇ ಹಿಂದಕ್ಕೆ ತಿರುಗಿಸಿ ತೃಪ್ತಿಪಡುವಂತಿಲ್ಲ. ಗೇರುಗಳ ನಡುವಿನ ಸಡಿಲ ಲೆಕ್ಕ ಕೆಡಿಸುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಿನಿಂದಲೇ ಬರಬೇಕು. ಬಿಗಿದ ಮೇಲೆ ಇನ್ನೊಮ್ಮೆ ಹನಿ ನೋಡಬೇಕು, ಏಕೆಂದರೆ ಬಿಗಿಯುವಾಗಲೇ ಪಂಪು ಕೂದಲೆಳೆಯಷ್ಟು ಸರಿದಿರುತ್ತದೆ. ಎಲ್ಲ ಸೇರಿ ಒಂದೆರಡು ತಾಸಿನ ಕೆಲಸ. ಮೂರನೆಯ ಸಲ ಹನಿ ನೋಡುವ ತಾಳ್ಮೆ ಇದ್ದವನನ್ನು ನಾನು ಪಂಪ್ ಮೇಸ್ತ್ರಿ ಎಂದು ಕರೆಯಲು ಸಿದ್ಧ, ಬೋರ್ಡು ಇರಲಿ ಬಿಡಲಿ.

ಇನ್ನು ಗಟ್ಟಿ ಆಕ್ಷೇಪಕ್ಕೆ ಬರೋಣ. ಗುರುತಿಗಿಂತ ಎರಡು ಡಿಗ್ರಿ ಮುಂದೆ ಇಟ್ಟರೆ ಮೈಲೇಜು ಬರುತ್ತದೆ, ಎಳೆತ ಹೆಚ್ಚುತ್ತದೆ, ಇದು ನೂರಾರು ಡ್ರೈವರುಗಳ ಅನುಭವ. ಪುಸ್ತಕ ಹಿಡಿದು ಅದನ್ನು ಸುಳ್ಳು ಅನ್ನುತ್ತೀರಾ? ಅನ್ನುವುದಿಲ್ಲ. ಅದು ಹಲವು ಸಲ ನಿಜ. ಅದು ನಿಜ ಎಂಬುದಕ್ಕೆ ಡ್ರೈವರುಗಳಿಗಿಂತ ದೊಡ್ಡ ಸಾಕ್ಷಿಯೇ ಇದೆ. 1998ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರ ಕ್ಯಾಟರ್‌ಪಿಲ್ಲರ್, ಕಮಿನ್ಸ್, ಡೆಟ್ರಾಯಿಟ್ ಡೀಸೆಲ್, ಮ್ಯಾಕ್, ನ್ಯಾವಿಸ್ಟಾರ್, ರೆನೋ, ವೋಲ್ವೊ ಎಂಬ ಏಳು ಕಂಪನಿಗಳೊಂದಿಗೆ ಒಂದು ರಾಜಿ ಪ್ರಕಟಿಸಿತು. ಅವುಗಳ ಲಾರಿ ಎಂಜಿನ್ನುಗಳು ಸರ್ಕಾರಿ ಪರೀಕ್ಷೆಯ ಹೊತ್ತಿಗೆ ಒಂದು ಟೈಮಿಂಗಿನಲ್ಲಿ ಓಡುತ್ತಿದ್ದವು. ಹೆದ್ದಾರಿಯಲ್ಲಿ ಒಂದೇ ವೇಗ ಹಿಡಿದಾಗ ಕಂಪ್ಯೂಟರು ಟೈಮಿಂಗನ್ನು ಮುಂದೆ ತಂದು ಡೀಸೆಲ್ ಉಳಿಸುತ್ತಿತ್ತು, ಆಗ ನೈಟ್ರೋಜನ್ ಆಕ್ಸೈಡುಗಳು ಮಿತಿ ಮೀರಿ ಹೊರಬರುತ್ತಿದ್ದವು ಎಂಬುದು ಆರೋಪ. ದಂಡದ ಮೊತ್ತವೇ 8.34 ಕೋಟಿ ಡಾಲರು, ಎಂಜಿನ್ನುಗಳನ್ನು ಸುಧಾರಿಸಲು ಒಪ್ಪಿಕೊಂಡ ಖರ್ಚು ಬೇರೆ. ನಮ್ಮ ಮೇಸ್ತ್ರಿ ಸ್ಪ್ಯಾನರಿನಿಂದ ಮಾಡುವುದನ್ನು ಅಲ್ಲಿ ಸಾಫ್ಟ್‌ವೇರಿನಿಂದ ಮಾಡಿದ್ದರು, ಅಷ್ಟೇ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಇಂಥ ಅಪಾಯಕ್ಕೆ ಕೈಹಾಕಿದವು ಎಂದರೆ ಟೈಮಿಂಗ್ ಮುಂದೆ ತಂದರೆ ಡೀಸೆಲ್ ಉಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದೆ ಇರಲಾರದು.

ಆದರೆ ಉಳಿತಾಯ ಎಲ್ಲ ಎಂಜಿನ್ನಿಗೂ ಒಂದೇ ಅಲ್ಲ. ಭಾರತದಲ್ಲಿ ಡೀಸೆಲ್ ವಾಹನಗಳ ಹೊಗೆಗೆ ಮೊದಲ ಮಿತಿಗಳು ಬಂದದ್ದು 1992ರಲ್ಲಿ, ಆಮೇಲೆ 1996ರಲ್ಲಿ ಬಿಗಿಯಾದವು, 2000ದಲ್ಲಿ ಇನ್ನೂ ಬಿಗಿಯಾದವು. ಅದಕ್ಕೂ ಹಿಂದಿನ ಎಂಜಿನ್ನಿನಲ್ಲಿ ಗುರುತು ಹಾಕುವಾಗ ಎಂಜಿನಿಯರಿನ ಮುಂದೆ ಇದ್ದ ಪ್ರಶ್ನೆ ಎಳೆತ, ಡೀಸೆಲ್ ಖರ್ಚು, ಬಾಳಿಕೆ ಇವು ಮೂರೇ. ಅವನು ಮೈಲೇಜಿಗೆ ಒಳ್ಳೆಯದಾದ ಜಾಗದ ಹತ್ತಿರವೇ ಗುರುತು ಹಾಕಿದ್ದ. ಅಲ್ಲಿಂದ ಮುಂದೆ ಹೋದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಅದನ್ನು ಕೆಳಗೆ ತಳ್ಳುತ್ತದೆ. ಎಂಜಿನ್ ತನ್ನ ವಿರುದ್ಧ ತಾನೇ ದುಡಿಯುತ್ತದೆ, ಲಾಭ ಸೊನ್ನೆಗಿಳಿದು ನಷ್ಟಕ್ಕೆ ತಿರುಗುತ್ತದೆ. ಮಿತಿಗಳು ಬಂದ ಮೇಲಿನ ಎಂಜಿನ್ನುಗಳ ಕಥೆ ಬೇರೆ. ನೈಟ್ರೋಜನ್ ಆಕ್ಸೈಡು ಕಡಿಮೆ ಮಾಡಲು ಟೈಮಿಂಗನ್ನು ತುಸು ಹಿಂದೆ ಇಟ್ಟು, ಅದರಿಂದಾಗುವ ಹೊಗೆ ತಡೆಯಲು ಇಂಜೆಕ್ಷನ್ ಒತ್ತಡ ಏರಿಸುವುದು ಜಗತ್ತಿನೆಲ್ಲೆಡೆ ನಡೆದ ದಾರಿ. ಇಂಥ ಎಂಜಿನ್ನನ್ನು ಎರಡು ಡಿಗ್ರಿ ಮುಂದೆ ತಂದರೆ ಮೈಲೇಜಿನಲ್ಲಿ ನಿಜವಾಗಿ ಏನೋ ಸಿಗುತ್ತದೆ. ಸಿಕ್ಕಿದ್ದನ್ನು ದಶಮಾಂಶ ಹಾಕಿ ಲೆಕ್ಕ ಹೇಳುವ ಮಾಲೀಕ (ಲಾರಿಯ ವ್ಯವಹಾರದಲ್ಲಿ ದಶಮಾಂಶ ಬಳಸುವುದು ಮೈಲೇಜಿಗೆ ಮಾತ್ರ) ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಗ ಬಿದ್ದ ಡೀಸೆಲ್ಲಿಗೆ ಗಾಳಿ ಇನ್ನೂ ಅಷ್ಟು ಕಾದಿರುವುದಿಲ್ಲ, ಕಾಯುವ ಹೊತ್ತು ಹೆಚ್ಚುತ್ತದೆ, ಅಷ್ಟರಲ್ಲಿ ಇನ್ನಷ್ಟು ಡೀಸೆಲ್ ಬಂದು ಸೇರಿ ಎಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಒತ್ತಡ ಏರುವ ಬದಲು ಹೊಡೆಯುತ್ತದೆ. ಆ ಹೊಡೆತ ಬೀಳುವುದು ಪಿಸ್ಟನ್ನಿನ ತಲೆಗೆ, ರಿಂಗು ಕೂರುವ ಗೀರಿಗೆ, ಹೆಡ್ ಗ್ಯಾಸ್ಕೆಟ್ಟಿಗೆ, ಕನೆಕ್ಟಿಂಗ್ ರಾಡಿನ ಬೇರಿಂಗಿಗೆ. ಹೊಸ ಎಂಜಿನ್ ತಡೆದುಕೊಳ್ಳಬಹುದು. ನಾವು ಮಾತನಾಡುತ್ತಿರುವುದು ಲೈನರು ಒಂದೆರಡು ಸಲ ಬದಲಾಗಿರುವ ಎಂಜಿನ್ನಿನ ಬಗ್ಗೆ.

ಎಳೆತದ ಮಾತನ್ನು ಘಾಟಿಯಲ್ಲಿ ನಿಲ್ಲಿಸಿ ನೋಡಬೇಕು. ಮೈಸೂರಿನಿಂದ ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ಹೋದ ಲಾರಿ ವಾಪಸು ಬರುವಾಗ ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವು ಹತ್ತಬೇಕು. ಅಲ್ಲಿ ಆಕ್ಸಿಲರೇಟರು ನೆಲಕ್ಕೆ ತಾಗಿರುತ್ತದೆ, ಎಂಜಿನ್ 1200 ಸುತ್ತಿಗೆ ಇಳಿದಿರುತ್ತದೆ. ಡೀಸೆಲ್ ಕಾಯುವ ಹೊತ್ತು ಅದೇ ಒಂದು ಮಿಲಿಸೆಕೆಂಡಿನ ಸುಮಾರಿಗೆ ಇರಲಿ. 2000 ಸುತ್ತಿನಲ್ಲಿ ಅದು 12 ಡಿಗ್ರಿಯಾದರೆ 1200ರಲ್ಲಿ 7 ಡಿಗ್ರಿ ಮಾತ್ರ. ಎಂದರೆ ಮೇಲಿನ ವೇಗಕ್ಕೆ ಹದವಾದ ಟೈಮಿಂಗು ಏರಿನಲ್ಲಿ ಆಗಲೇ ಬೇಗ. ಪಂಪಿನ ಮುಂದೆ ತೂಕದ ಗುಂಡುಗಳಿರುವ ಟೈಮರ್ ಇಟ್ಟಿರುವ ಎಂಜಿನ್ನುಗಳಲ್ಲಿ ಅದು ವೇಗಕ್ಕೆ ತಕ್ಕಂತೆ ಟೈಮಿಂಗನ್ನು ತಾನೇ ಹಿಂದೆ ಮುಂದೆ ಮಾಡುತ್ತದೆ. ಟೈಮರ್ ಇಲ್ಲದ ಎಂಜಿನ್ನಿನಲ್ಲಿ ಕಂಪನಿಯ ಗುರುತು ಘಾಟಿಗೂ ಬಯಲಿಗೂ ನಡುವೆ ಮಾಡಿಕೊಂಡ ರಾಜಿ. ಬಯಲಿನ ಸುಖಕ್ಕೆಂದು ಅದನ್ನು ಎರಡು ಡಿಗ್ರಿ ಸರಿಸಿದರೆ ಸುಂಕ ಕಟ್ಟುವುದು ಘಾಟಿಯಲ್ಲಿ, ಅದೂ ಪೂರ್ತಿ ಲೋಡಿನಲ್ಲಿ, ಎಂಜಿನ್ ಅತ್ಯಂತ ಬಿಸಿಯಾಗಿರುವಾಗ. ನಂಜನಗೂಡಿನ ನೇರ ರಸ್ತೆಯಲ್ಲಿ ಟ್ರಯಲ್ ನೋಡಿ ‘ಎಳೆತ ಬಂತು’ ಎಂದವರ ಮಾತು ಸುಳ್ಳಲ್ಲ, ಅದು ನಂಜನಗೂಡು ರಸ್ತೆಯ ಸತ್ಯ.

‘ಈಗಿನ ಡೀಸೆಲ್ಲೇ ಸರಿಯಿಲ್ಲ, ಅದಕ್ಕೇ ಮುಂದೆ ಇಡಬೇಕು’ ಎಂಬುದು ಎರಡನೆಯ ಆಕ್ಷೇಪ. ಇದು ಪೂರ್ತಿ ತಿರುಗುಮುರುಗು. ಡೀಸೆಲ್ ಎಷ್ಟು ಚುರುಕಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಸಂಖ್ಯೆ ಹೇಳುತ್ತದೆ. ನಮ್ಮ ದೇಶದ ಮಾನಕದಲ್ಲಿ ಅದರ ಕನಿಷ್ಠ ಮಿತಿ ಹಿಂದೆ 45 ಇದ್ದದ್ದು 2000ದ ಹೊತ್ತಿಗೆ 48 ಆಯಿತು, ಬಿಎಸ್ 3 ಡೀಸೆಲ್ ಬಂದಾಗ 51ಕ್ಕೆ ಏರಿತು. ಸೀಟೇನ್ ಹೆಚ್ಚಿದಷ್ಟೂ ಕಾಯುವ ಹೊತ್ತು ಕಡಿಮೆ. 45ರ ಡೀಸೆಲ್ಲಿಗೆಂದು ಹಾಕಿದ ಗುರುತಿನಲ್ಲಿ 51ರ ಡೀಸೆಲ್ ಸುರಿದರೆ ಪಂಪನ್ನು ಮುಟ್ಟದೆಯೇ ಬೆಂಕಿ ಸ್ವಲ್ಪ ಬೇಗ ಹೊತ್ತಿಕೊಳ್ಳುತ್ತದೆ. ಇಂಧನ ಬದಲಾಗಿದೆ ಎಂಬ ಕಾರಣಕ್ಕೆ ಗುರುತನ್ನು ಬದಲಿಸುವುದೇ ಆದರೆ ಸರಿಸಬೇಕಾದ್ದು ಹಿಂದಕ್ಕೆ. ಕಲಬೆರಕೆಯ ಮಾತು ಬೇರೆ. ಸೀಮೆಎಣ್ಣೆ ಬೆರೆತ ತೆಳು ಇಂಧನ ಪ್ಲಂಜರಿನ ಸಂದಿಯಲ್ಲಿ ಹೆಚ್ಚು ಸೋರಿ ಎಳೆತ ಕಳೆಯುವುದು ಹೌದು, ಆದರೆ ಅದಕ್ಕೆ ಮದ್ದು ಬೇರೆ ಬಂಕಿನಲ್ಲಿದೆ, ಪಂಪಿನ ಬೋಲ್ಟಿನಲ್ಲಿಲ್ಲ. ಗಂಧಕದ ಬಗ್ಗೆಯೂ ದೂರುಗಳಿವೆ: 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುವ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ, ಹೀಗಾಗಿ ಪಂಪು ಒಣಗುತ್ತದೆ ಎಂದು. ಜಾರುವ ಗುಣಕ್ಕೂ ಮಾನಕದಲ್ಲಿ ಮಿತಿಯಿದೆ, ಅದಕ್ಕಾಗಿ ಡೀಸೆಲ್ಲಿಗೆ ಬೇರೆ ಮಿಶ್ರಣ ಸೇರಿಸುತ್ತಾರೆ. ಒಣಗಿದರೂ ಸವಕಳಿ ಹೆಚ್ಚುತ್ತದೆಯೇ ಹೊರತು ಗುರುತು ತಪ್ಪಾಗುವುದಿಲ್ಲ.

ಮೂರನೆಯದು ಕಿವಿಯ ಪಕ್ಷ. ಮೂವತ್ತು ವರ್ಷ ಪಂಪು ಬಿಚ್ಚಿದ ಮೇಸ್ತ್ರಿಗೆ ಹನಿ ಎಣಿಸುವ ಹಂಗೇಕೆ, ಕೇಳಿದರೇ ಗೊತ್ತಾಗುತ್ತದೆ ಎನ್ನುತ್ತಾರೆ. ಕಿವಿಯನ್ನು ನಾನು ಕಡೆಗಣಿಸುವುದಿಲ್ಲ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪೈಪಿನ ನಟ್ಟು ಸಡಿಲಿಸಿ, ಯಾವ ಸಿಲಿಂಡರು ಬಡಿಯುತ್ತಿದೆ, ಯಾವುದು ಸುಮ್ಮನಿದೆ ಎಂದು ಹೇಳುವ ಮೇಸ್ತ್ರಿಯ ಕಿವಿ ಒಂದು ಉಪಕರಣವೇ. ಒಂದು ಸಿಲಿಂಡರನ್ನು ಇನ್ನೊಂದರ ಜೊತೆ ಹೋಲಿಸುವಾಗ ಅದನ್ನು ಮೀರಿಸುವುದು ಕಷ್ಟ. ಆದರೆ ಟೈಮಿಂಗ್ ಹೋಲಿಕೆಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಕಟಕಟ ಶಬ್ದ ಹುಟ್ಟುವುದು ಒತ್ತಡ ಥಟ್ಟನೆ ಏರುವುದರಿಂದ. ಅದು ಟೈಮಿಂಗಿನಿಂದಷ್ಟೇ ಅಲ್ಲ, ತಣ್ಣನೆಯ ಎಂಜಿನ್ನಿನಿಂದ, ಹನಿ ಉದುರಿಸುವ ನಾಜಲ್ಲಿನಿಂದ, ಕುಸಿದ ಕಂಪ್ರೆಷನ್ನಿನಿಂದಲೂ ಬರುತ್ತದೆ. ಡಿಸೆಂಬರಿನ ಬೆಳಗ್ಗೆ ಹೆಬ್ಬಾಳದಲ್ಲಿ ಸ್ಟಾರ್ಟ್ ಮಾಡಿದಾಗ ಜೋರಾಗಿ ಬಡಿಯುವ ಎಂಜಿನ್ನೇ ಮಧ್ಯಾಹ್ನ ಲೋಡು ಹೊತ್ತಾಗ ಮೆತ್ತಗಾಗುತ್ತದೆ, ಗುರುತು ಒಂದಿಷ್ಟೂ ಅಲುಗಿರುವುದಿಲ್ಲ. ಕಿವಿಯಲ್ಲಿ ಕೂರಿಸುವವರು ಈ ಎರಡು ಹೊತ್ತುಗಳಲ್ಲಿ ಎರಡು ಟೈಮಿಂಗ್ ಇಟ್ಟುಕೊಡುತ್ತಾರೆ. ಪಕ್ಕದಲ್ಲಿ ನಿಂತ ಡ್ರೈವರಿಗೆ ಚುರುಕು ಶಬ್ದವೇ ಶಕ್ತಿ, ಹಾಗಾಗಿ ತಪ್ಪುವುದು ಬಹುಪಾಲು ಒಂದೇ ಕಡೆಗೆ. ಗುರುತಿನ ಪಕ್ಷದಲ್ಲೂ ಒಂದು ದೌರ್ಬಲ್ಯವಿದೆ ಎಂದು ಒಪ್ಪಬೇಕು. ಹಳೆಯ ಲಾರಿಯಲ್ಲಿ ಗುರುತೇ ನಂಬಿಕೆಗೆ ಅರ್ಹವಲ್ಲದೆ ಇರಬಹುದು: ಫ್ಲೈವೀಲು ಬೇರೆ ಎಂಜಿನ್ನಿನದು, ಪುಲ್ಲಿಯ ರಬ್ಬರು ಬಿಟ್ಟುಕೊಂಡು ಹೊರಬಳೆ ಸರಿದಿದೆ, ಮುಳ್ಳು ಬಾಗಿದೆ, ಯಾರೋ ಉಳಿಯಿಂದ ತಮ್ಮದೊಂದು ಗೆರೆ ಕೊರೆದಿದ್ದಾರೆ. ಹಾಗಿದ್ದಲ್ಲಿ ಮೊದಲು ಪಿಸ್ಟನ್ ನಿಜವಾಗಿ ಎಲ್ಲಿ ಟಾಪ್ ಮುಟ್ಟುತ್ತದೆ ಎಂದು ಡಯಲ್ ಗೇಜಿನಿಂದ ಕಂಡುಕೊಳ್ಳಬೇಕು. ಅಲ್ಲಿಂದ ಡಿಗ್ರಿ ಅಳೆಯುವುದು ಕಷ್ಟವಲ್ಲ. 40 ಸೆಂಟಿಮೀಟರ್ ಅಗಲದ ಫ್ಲೈವೀಲಿನ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಮೂರೂವರೆ ಮಿಲಿಮೀಟರು, ಟೇಪಿಗೆ ಸಿಗುವ ಅಳತೆ. ಗುರುತು ತಪ್ಪಿರಬಹುದು ಎಂಬುದು ಅಳೆಯುವುದಕ್ಕೆ ಕಾರಣವಾಗುತ್ತದೆ, ಅಳೆಯದೆ ಬಿಡುವುದಕ್ಕಲ್ಲ.

ಹೊಗೆಯ ಸರ್ಟಿಫಿಕೇಟನ್ನು ಮುಂದೆ ಹಿಡಿಯುವವರೂ ಇದ್ದಾರೆ. ಟೈಮಿಂಗ್ ಮುಂದೆ ತಂದ ಗಾಡಿ ಎಮಿಷನ್ ಟೆಸ್ಟಿನಲ್ಲಿ ಪಾಸಾಗಿದೆ, ಮೊದಲಿಗಿಂತ ಹೊಗೆ ಕಡಿಮೆಯೇ ಬಂದಿದೆ, ಇನ್ನೇನು? ಆ ಪರೀಕ್ಷೆ ನಡೆಯುವುದು ಹೀಗೆ: ಗೇರು ಹಾಕದೆ ಆಕ್ಸಿಲರೇಟರನ್ನು ಪೂರ್ತಿ ತುಳಿದು, ಹೊರಬರುವ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಡ್ಜ್ ಮಾನ, ಬಿಎಸ್ 4ಕ್ಕೆ 50. ಬೆಳಕನ್ನು ತಡೆಯುವುದು ಮಸಿ. ಟೈಮಿಂಗ್ ಮುಂದೆ ಬಂದರೆ ಮಸಿ ಕಡಿಮೆಯಾಗುತ್ತದೆ, ಏಕೆಂದರೆ ಉರಿಯಲು ಹೆಚ್ಚು ಹೊತ್ತು ಸಿಗುತ್ತದೆ. ಹಾಗೆ ಉರಿದಾಗ ಏರುವ ಬಿಸಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳನ್ನು ಆ ಯಂತ್ರ ಕೇಳುವುದೇ ಇಲ್ಲ. ಕಣ್ಣಿಗೆ ಕಾಣದ್ದು ಸರ್ಟಿಫಿಕೇಟಿಗೂ ಕಾಣುವುದಿಲ್ಲ. ಹೊರವರ್ತುಲ ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿಯ ಹಿಂದೆ ನಿಂತ ಸ್ಕೂಟರಿನವರಿಗೆ ಕಪ್ಪು ಹೊಗೆಯ ಬದಲು ಕಣ್ಣುರಿ ಸಿಕ್ಕರೆ ಅದನ್ನು ಸುಧಾರಣೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಟೈಮಿಂಗನ್ನು ಬೇಕೆಂದೇ ಹಿಂದೆ ಬಿಡುವುದೂ ಪರಿಹಾರವಲ್ಲ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿದೆ. ಎರಡು ಕೇಡುಗಳ ನಡುವೆ ಆರಿಸಿ ಹಾಕಿದ್ದು ಕಂಪನಿಯ ಗುರುತು, ಅಳೆದು ಆರಿಸಿದ್ದು ಎಂಬುದಷ್ಟೇ ಅದರ ಹಿರಿಮೆ.

ಇಷ್ಟಾದ ಮೇಲೂ ಎಳೆತ ಇಲ್ಲದ ಲಾರಿ ಗ್ಯಾರೇಜಿನ ಮುಂದೆ ನಿಂತೇ ಇರುತ್ತದೆ, ಅದಕ್ಕೇನು ಮಾಡಬೇಕು ಎಂದು ಕೇಳಿದರೆ ಉತ್ತರ ಕೆಲಸದ ಅನುಕ್ರಮದಲ್ಲಿದೆ. ಟೈಮಿಂಗ್ ಕೊನೆಗೆ ಬರಬೇಕು, ನಮ್ಮಲ್ಲಿ ಮೊದಲಿಗೇ ಬರುತ್ತದೆ. ಕಾರಣ, ಅದಕ್ಕೆ ಸಾಮಾನು ಕೊಳ್ಳಬೇಕಾಗಿಲ್ಲ. ಏರ್ ಫಿಲ್ಟರು ಕಟ್ಟಿಕೊಂಡಿದ್ದರೆ ಕಪ್ಪು ಹೊಗೆ, ಡೀಸೆಲ್ ಫಿಲ್ಟರು ಕಟ್ಟಿಕೊಂಡಿದ್ದರೆ ಸೊರಗಿದ ಎಳೆತ, ರಿಂಗು ಹೋಗಿದ್ದರೆ ನೀಲಿ ಹೊಗೆ, ಕಂಪ್ರೆಷನ್ ಕುಸಿದಿದ್ದರೆ ಬೆಳಗ್ಗೆ ಕಣ್ಣು ಉರಿಸುವ ಬಿಳಿ ಹೊಗೆ. ಇವುಗಳಲ್ಲಿ ಹಲವನ್ನು ಟೈಮಿಂಗ್ ಮುಂದೆ ತಂದು ಕೆಲವು ದಿನ ಮುಚ್ಚಿಡಬಹುದು, ವಾಸಿ ಮಾಡಲಾಗದು. ನಾಜಲ್ಲಿನ ಅಪವಾದ ಬೇಕಾಗುವುದು ಇಲ್ಲಿ. ಸೋತ ಸ್ಪ್ರಿಂಗಿನ ನಾಜಲ್ಲು ಬೇಗ ತೆರೆದುಕೊಳ್ಳುತ್ತಿರುವಾಗ ಪಂಪನ್ನೂ ಮುಂದೆ ಇಟ್ಟರೆ ಎರಡು ಮುಂಗಡ ಕೂಡುತ್ತವೆ. ಮುಂದಿನ ತಿಂಗಳು ನಾಜಲ್ ಸರಿಮಾಡಿಸಿದರೆ ಟೈಮಿಂಗ್ ಮತ್ತೆ ಬದಲಾದಂತೆ ಕಾಣುತ್ತದೆ, ಮಾಲೀಕ ನಾಜಲ್ ಅಂಗಡಿಯವನನ್ನು ಬಯ್ಯುತ್ತಾನೆ. ಒಡೆದ ಹೈಪ್ರೆಷರ್ ಪೈಪಿಗೆ ಸಿಕ್ಕಿದ ಉದ್ದದ ಪೈಪು ಜೋಡಿಸುವುದು ಇನ್ನೊಂದು ಚಾಳಿ. ಪಂಪಿಗೆ ಹತ್ತಿರದ ಸಿಲಿಂಡರಿನ ಪೈಪನ್ನು ಕಂಪನಿ ಬೇಕೆಂದೇ ಸುತ್ತಿ ಬಾಗಿಸಿ ಆರೂ ಪೈಪುಗಳ ಉದ್ದ ಒಂದೇ ಮಾಡಿರುತ್ತದೆ. ಒತ್ತಡದ ಅಲೆ ಡೀಸೆಲ್ಲಿನಲ್ಲಿ ಸೆಕೆಂಡಿಗೆ ಸುಮಾರು 1300ರಿಂದ 1400 ಮೀಟರಿನಂತೆ ಸಾಗುತ್ತದೆ. 65 ಸೆಂಟಿಮೀಟರ್ ಪೈಪು ದಾಟಲು ಅರ್ಧ ಮಿಲಿಸೆಕೆಂಡು, ಅದು 2000 ಸುತ್ತಿನಲ್ಲಿ 6 ಡಿಗ್ರಿ. ಉದ್ದ ಬದಲಾದ ಸಿಲಿಂಡರು ಉಳಿದ ಐದರಿಂದ ಬೇರೆ ಹೊತ್ತಿಗೆ ಉರಿಯುತ್ತದೆ. ಇನ್ನೂ ಸೂಕ್ಷ್ಮವಾದದ್ದು ಎಲಿಮೆಂಟುಗಳ ನಡುವಿನ ಅಂತರ. ಪಂಪಿನ ಆರು ಎಲಿಮೆಂಟುಗಳು 60 ಡಿಗ್ರಿಗೊಂದರಂತೆ ಸರದಿಯಲ್ಲಿ ಡೀಸೆಲ್ ಕೊಡಬೇಕು, ತಪ್ಪಿಗೆ ಅರ್ಧ ಡಿಗ್ರಿಯಷ್ಟೇ ಆಸ್ಪದ. ಆರು ರೋಲರುಗಳೂ ಒಂದೇ ಸಮ ಸವೆಯುವುದಿಲ್ಲವಲ್ಲ. ಹನಿ ನೋಡಿ ಒಂದನೆಯದನ್ನು ಗುರುತಿಗೆ ತಂದರೂ ನಾಲ್ಕನೆಯದು ಹಿಂದೆಯೇ ಉಳಿದಿರಬಹುದು. ಇದನ್ನು ಗಾಡಿಯ ಮೇಲೆ ಕೂರಿಸಿ ಸರಿಮಾಡಲು ಆಗುವುದಿಲ್ಲ, ಪಂಪನ್ನು ಇಳಿಸಿ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಬೇಕು.

‘ಇಷ್ಟೆಲ್ಲ ಖರ್ಚು ಗುಜರಿಗೆ ಹೋಗುವ ಗಾಡಿಗೇಕೆ’ ಎಂಬ ಕೊನೆಯ ಆಕ್ಷೇಪದಲ್ಲಿ ವ್ಯವಹಾರದ ಜಾಣತನವಿದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್‌ನಿಂದ ರದ್ದಾಗಿದೆ. ಖಾಸಗಿ ಲಾರಿಗಳಿಗೂ ಫಿಟ್‌ನೆಸ್ ಬಿಗಿಯಾಗುತ್ತಿದೆ. ಆದರೆ ಹಳೆಯ ಲಾರಿ ಒಂದೇ ದಿನ ಗುಜರಿಗೆ ಹೋಗುವುದಿಲ್ಲ. ದೂರದ ಬಾಡಿಗೆಯಿಂದ ನಿವೃತ್ತವಾಗಿ ಮರಳು, ಇಟ್ಟಿಗೆ, ನೀರಿನ ಟ್ಯಾಂಕು ಹೊತ್ತು ಊರೊಳಗೇ ವರ್ಷಗಟ್ಟಲೆ ಓಡುತ್ತದೆ. ಅದರ ಎಂಜಿನ್ ಕೆಟ್ಟರೆ ಮಾಲೀಕನ ಆರು ತಿಂಗಳ ದುಡಿಮೆ ಹೋಗುತ್ತದೆ, ಟೈಮಿಂಗ್ ನೋಡಿಸುವ ಖರ್ಚು ಅದರ ಮುಂದೆ ಲೆಕ್ಕಕ್ಕಿಲ್ಲ. ಹಾಗಾಗಿ ಗ್ಯಾರೇಜುಗಳಿಂದ ನಾನು ಬಯಸುವುದು ಬಿಲ್ಲಿನಲ್ಲಿ ಒಂದು ಸಾಲು. ಈಗ ‘ಟೈಮಿಂಗ್ ಸೆಟ್’ ಎಂದು ಬರೆದು ಮೊತ್ತ ಹಾಕುತ್ತಾರೆ. ಅದರ ಬದಲು ಗಾಡಿ ಬಂದಾಗ ಹನಿ ನಿಂತದ್ದು ಎಷ್ಟು ಡಿಗ್ರಿಗೆ, ಬಿಗಿದಾದ ಮೇಲೆ ನಿಂತದ್ದು ಎಷ್ಟಕ್ಕೆ, ಮ್ಯಾನುಯಲ್ಲಿನಲ್ಲಿರುವುದು ಎಷ್ಟು ಎಂದು ಮೂರು ಅಂಕಿ ಬರೆದರೆ ಸಾಕು. ಎರಡನೆಯದೂ ಮೂರನೆಯದೂ ಬೇರೆಯಾಗಿದ್ದರೆ ಏಕೆ ಎಂದು ಮಾಲೀಕ ಅಲ್ಲೇ ಕೇಳಬಹುದು, ಅಥವಾ ಹಾಗೆ ಇಡಲು ಹೇಳಿದವನು ತಾನೇ ಆಗಿದ್ದರೆ ಕೆಳಗೊಂದು ಸಹಿ ಹಾಕಬಹುದು.